ಬೀಸುವವನ ಸದ್ದು

ಗಿಟಾರ್ ಆಂಪ್ಲಿಫೈಯರಿನ ಹೊಟ್ಟೆಯೊಳಗೆ ಒಂದು ಸಣ್ಣ ಫ್ಯಾನು ಇರುತ್ತದೆ. ಎಲ್ಲ ಆಂಪ್‌ಗಳಲ್ಲಿ ಅಲ್ಲ, ತುಸು ದೊಡ್ಡವುಗಳಲ್ಲಿ. ತಂತಿಯ ಮಿಡಿತ ಈ ಫ್ಯಾನಿನ ಮೂಲಕ ಹಾದು ಹೋಗುವುದಿಲ್ಲ. ಸ್ವರಕ್ಕೆ ಅದು ಏನನ್ನೂ ಸೇರಿಸುವುದಿಲ್ಲ, ಕಳೆಯುವುದೂ ಇಲ್ಲ. ಅದಕ್ಕಿರುವುದು ಒಂದೇ ಕೆಲಸ: ಉಳಿದವರು ಸುಟ್ಟುಹೋಗದ ಹಾಗೆ ಗಾಳಿ ಬೀಸುತ್ತಾ ಇರುವುದು. ಸದ್ದನ್ನು ಹಿಗ್ಗಿಸಲೆಂದೇ ಹುಟ್ಟಿದ ಪೆಟ್ಟಿಗೆಯಲ್ಲಿ ಸದ್ದು ಮಾಡಬಾರದು ಎಂಬ ಷರತ್ತಿನ ಮೇಲೆ ಕೆಲಸಕ್ಕಿರುವುದು ಇದೊಂದೇ. ಈ ಷರತ್ತು ನ್ಯಾಯವಾದದ್ದೇ ಎಂಬುದು ಕೆಲವು ತಿಂಗಳಿಂದ ನನ್ನ ತಲೆಯಲ್ಲಿ ಕೂತಿರುವ ಪ್ರಶ್ನೆ. ಯಂತ್ರದ ವಿಷಯಕ್ಕೆ ನ್ಯಾಯದ ಮಾತೇಕೆ ಎಂದು ಕೇಳುವವರಿಗೆ ಉತ್ತರ ಕೊಡಲು ನೋಡುತ್ತೇನೆ. ಅದಕ್ಕೆ ಮೊದಲು ವಿಷಯವನ್ನೇ ಸರಿಯಾಗಿ ಹೇಳಬೇಕು.

ಹೊನ್ನಾವರದ ಕಡೆಯ ನನ್ನ ಗೆಳೆಯನೊಬ್ಬ ಗೋಕರ್ಣದ ಓಂ ಬೀಚಿನ ಒಂದು ಶ್ಯಾಕಿನಲ್ಲಿ ಅಕ್ಟೋಬರಿನಿಂದ ಮಾರ್ಚ್ ತನಕ ಸಂಜೆ ಹೊತ್ತು ಗಿಟಾರ್ ನುಡಿಸಿ ಹಾಡುತ್ತಾನೆ. ಅಲ್ಲಿರುವ ಆಂಪ್ ಅವನದ್ದಲ್ಲ, ಶ್ಯಾಕಿನ ಮಾಲೀಕರದ್ದು. ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು, ನೂರು ವ್ಯಾಟ್, ಟ್ರಾನ್ಸಿಸ್ಟರಿನದು. ಈ ಸಲದ ಸೀಸನ್ನಿನ ನಡುವೆ ಅದರ ಫ್ಯಾನು ಗುರ್ರೆನ್ನತೊಡಗಿತು. ಜೋರು ಹಾಡಿನಲ್ಲಿ ಗೊತ್ತಾಗುತ್ತಿರಲಿಲ್ಲ. ಆದರೆ ಅವನ ಅರ್ಧ ಹಾಡುಗಳು ಮೆಲ್ಲನೆಯವು, ಒಂದು ತಂತಿ ಮೀಟಿ ಅದು ಆರುವ ತನಕ ಕಾಯುವಂಥವು. ಆ ಕಾಯುವ ಹೊತ್ತಿನಲ್ಲೆಲ್ಲ ಫ್ಯಾನು ತುಂಬಿಕೊಳ್ಳುತ್ತಿತ್ತು. ಗಿರಾಕಿಗಳು ತಿರುಗಿ ನೋಡತೊಡಗಿದರು. ಮಾಲೀಕರ ಸಲಹೆ ಸರಳವಾಗಿತ್ತು: ಮಳೆಗಾಲಕ್ಕೆ ಮೊದಲು ಹೇಗೂ ಇದನ್ನು ಮಾರುವುದೇ, ಅಲ್ಲಿಯ ತನಕ ಫ್ಯಾನಿನ ವೈರ್ ಕಿತ್ತುಬಿಡಿ.

ಇಲ್ಲಿ ಒಂದು ಅಡ್ಡಮಾತು. ಓಂ ಬೀಚಿಗೆ ಆ ಹೆಸರು ಬಂದದ್ದು ಅದರ ಆಕಾರದಿಂದ. ನಡುವೆ ಬಂಡೆ, ಎರಡು ಕಡೆ ಎರಡು ಕಮಾನು, ಮೇಲಿನ ಗುಡ್ಡದಿಂದ ನೋಡಿದರೆ ದೇವನಾಗರಿಯ ಓಂ ಬರೆದ ಹಾಗೆ ಕಾಣುತ್ತದೆ. ವಿದ್ಯುತ್ತಿನ ತಡೆಯನ್ನು ಅಳೆಯುವ ಮಾನದ ಹೆಸರೂ ಓಮ್. ಅದು 1827ರಲ್ಲಿ ತನ್ನ ನಿಯಮವನ್ನು ಪ್ರಕಟಿಸಿದ ಜರ್ಮನಿಯ ಗೇಯಾರ್ಗ್ ಓಮ್‌ನದು. ಎಂಟು ಓಮ್ ಸ್ಪೀಕರನ್ನು ಓಂ ಬೀಚಿಗೆ ಹೊತ್ತುಕೊಂಡು ಹೋಗುವ ಹುಡುಗರಿಗೆ ಈ ತಮಾಷೆ ಹಳೆಯದಾಗಿದೆ. ಆದರೆ ಒಂದು ಓಂ ನಾದ, ಇನ್ನೊಂದು ಓಮ್ ತಡೆ ಎಂಬುದು ಮುಂದಿನ ಮಾತಿಗೆ ಬೇಕಾಗುತ್ತದೆ.

ಫ್ಯಾನು ಯಾಕೆ ಬೇಕು ಎಂಬುದನ್ನು ನೋಡೋಣ. ಇಂಥ ಆಂಪ್ ಗೋಡೆಯ ಪ್ಲಗ್ಗಿನಿಂದ ಎಳೆದುಕೊಂಡ ವಿದ್ಯುತ್ತನ್ನೆಲ್ಲ ಸದ್ದಾಗಿ ಕೊಡುವುದಿಲ್ಲ. ಕ್ಲಾಸ್ ಬಿ ಎನ್ನುವ ಬಗೆಯಲ್ಲಿ ಲೆಕ್ಕದ ಪ್ರಕಾರ ಸಿಗಬಹುದಾದ ಅತಿ ಹೆಚ್ಚಿನ ದಕ್ಷತೆಯೇ ಶೇ. 78.5. ಬಳಕೆಯಲ್ಲಿರುವ ಕ್ಲಾಸ್ ಎಬಿ ಆಂಪ್‌ಗಳು ಅದಕ್ಕಿಂತ ಕೆಳಗೇ ಇರುತ್ತವೆ. ಉಳಿದದ್ದು ಶಾಖ. ಅದೂ ಪೂರ್ತಿ ಜೋರಾಗಿ ನುಡಿಸುವಾಗ ಶಾಖ ಅತಿ ಹೆಚ್ಚು ಎಂದು ನಾವು ಎಣಿಸುತ್ತೇವೆ, ಹಾಗಲ್ಲ. ಒಂದೇ ಸಮನೆಯ ಸ್ವರ ಕೊಟ್ಟು ಅಳೆದರೆ ಗರಿಷ್ಠ ಶಕ್ತಿಯ ಸುಮಾರು ಶೇ. 40ರಲ್ಲಿ ಟ್ರಾನ್ಸಿಸ್ಟರ್‌ಗಳು ಅತಿ ಹೆಚ್ಚು ಕಾಯುತ್ತವೆ. ನಡುಮಟ್ಟದ ದುಡಿಮೆಯೇ ಅವಕ್ಕೆ ಹೆಚ್ಚು ಸುಡುವುದು. ಈ ಶಾಖವನ್ನು ಅಲ್ಯುಮಿನಿಯಂನ ಹೀಟ್ ಸಿಂಕ್ ಹೀರಿಕೊಳ್ಳುತ್ತದೆ, ಫ್ಯಾನು ಅದರ ಹಲ್ಲುಗಳ ನಡುವಿನಿಂದ ಗಾಳಿಯನ್ನು ನೂಕುತ್ತದೆ. ಎಷ್ಟು ಬೀಸಿದರೂ ಹೊರಗಿನ ಗಾಳಿಗಿಂತ ತಂಪು ಮಾಡಲು ಅದರಿಂದ ಆಗುವುದಿಲ್ಲ. ಮಾರ್ಚಿನ ಕರಾವಳಿಯ ಸೆಕೆಯಲ್ಲಿ ಅದಕ್ಕೆ ಸಿಗುವುದು ಆ ಸೆಕೆಯ ಗಾಳಿಯೇ.

ವೈರ್ ಕಿತ್ತರೆ ಏನಾಗುತ್ತದೆ? ತಕ್ಷಣಕ್ಕೆ ಏನೂ ಆಗುವುದಿಲ್ಲ. ಈ ಇಡೀ ವಿಷಯದ ಕಷ್ಟ ಇರುವುದು ಇಲ್ಲಿಯೇ. ಅವತ್ತು ಸಂಜೆ ಚೆಂದವಾಗಿ, ಸದ್ದಿಲ್ಲದೆ ಕಳೆಯುತ್ತದೆ. ಮರುದಿನವೂ ಹಾಗೆಯೇ. ಶಾಖ ಮಿತಿಮೀರಿದರೆ ತಾನಾಗಿ ಆಫ್ ಆಗುವ ವ್ಯವಸ್ಥೆ ಕೆಲವು ಆಂಪ್‌ಗಳಲ್ಲಿ ಇರುತ್ತದೆ, ಅದು ಟ್ರಾನ್ಸಿಸ್ಟರನ್ನು ಕ್ಷಣದ ಸಾವಿನಿಂದ ಉಳಿಸುತ್ತದೆ. ಕೆಪಾಸಿಟರುಗಳ ಮುಪ್ಪನ್ನು ಅದು ತಡೆಯುವುದಿಲ್ಲ. ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಶಾಖ 10 ಡಿಗ್ರಿ ಏರಿದರೆ ಆಯಸ್ಸು ಅರ್ಧವಾಗುತ್ತದೆ ಎಂಬುದು ರಿಪೇರಿಯವರೂ ಎಂಜಿನಿಯರುಗಳೂ ಒಪ್ಪಿಕೊಂಡಿರುವ ಕೈಲೆಕ್ಕ. 20 ಡಿಗ್ರಿ ಏರಿದರೆ ಕಾಲು ಭಾಗ. ಅಂದರೆ ಈ ಮೌನದ ಬೆಲೆಯನ್ನು ಇವತ್ತಿನ ಕೇಳುಗ ಕೊಡುವುದಿಲ್ಲ. ಅದನ್ನು ತೆರುವವನು ಮುಂದಿನ ವರ್ಷ ಆ ಆಂಪನ್ನು ಕೊಂಡವನು. ಅವನು ಇವತ್ತು ಇಲ್ಲಿ ಇಲ್ಲ, ಅವನ ಮುಖ ನಮಗೆ ಗೊತ್ತಿಲ್ಲ. ಪ್ರಾಯಶಃ ಅವನೂ ಹೀಗೇ ಎಲ್ಲೋ ಹಾಡುವ ಹುಡುಗ, ಹೊಸದು ಕೊಳ್ಳಲಾಗದೆ ಸೆಕೆಂಡ್ ಹ್ಯಾಂಡ್ ಹುಡುಕುವವನು.

ಗೆಳೆಯ ಆಂಪನ್ನು ಕುಮಟೆಯ ಒಂದು ಹಳೆಯ ರೇಡಿಯೋ ರಿಪೇರಿ ಅಂಗಡಿಗೆ ತಂದ. ನಾನೂ ಜೊತೆಗಿದ್ದೆ. ಅಂಗಡಿಯವರು ಮುಚ್ಚಳ ತೆಗೆದು ಫ್ಯಾನನ್ನು ಬೆರಳಲ್ಲಿ ತಿರುಗಿಸಿ, ಅಲ್ಲಾಡಿಸಿ, ಮೂಸಿ ಕೂಡ ನೋಡಿದರು. ಹೀಟ್ ಸಿಂಕಿನ ಹಲ್ಲುಗಳ ನಡುವೆ ಬೂದು ಬಣ್ಣದ ಹೆಪ್ಪು. "ಉಪ್ಪು, ತಮಾ" ಎಂದರು. ಸಮುದ್ರದ ಗಾಳಿಯ ಉಪ್ಪು ತೇವವನ್ನು ಎಳೆದುಕೊಳ್ಳುತ್ತದೆ, ತೇವ ಧೂಳನ್ನು ಹಿಡಿದಿಡುತ್ತದೆ. ಮೂರೂ ಸೇರಿ ರೆಕ್ಕೆಗಳ ಮೇಲೆ ಕೂತರೆ ತೂಕ ಏರುಪೇರಾಗಿ ಬೇರಿಂಗ್ ಸವೆಯುತ್ತದೆ. ಇದು ಸ್ಲೀವ್ ಬೇರಿಂಗಿನ ಅಗ್ಗದ ಫ್ಯಾನು, ಒಳಗಿನ ಎಣ್ಣೆ ಒಣಗಿದೆ. ಓಂ ಬೀಚಿನಿಂದ ಬಹಳ ದೂರವಿಲ್ಲದ ಸಾಣಿಕಟ್ಟೆಯಲ್ಲಿ ಅದೇ ಸಮುದ್ರದ ನೀರನ್ನು ಗದ್ದೆಗಳಲ್ಲಿ ಕಟ್ಟಿ ಜನ ಬಿಸಿಲಲ್ಲಿ ನಿಂತು ಉಪ್ಪು ಬೆಳೆಯುತ್ತಾರೆ. ಇಲ್ಲಿ ಯಾರೂ ಕೇಳದೆ ಪೆಟ್ಟಿಗೆಯೊಳಗೇ ಬೆಳೆದಿತ್ತು.

ವೈರ್ ಕೀಳುವ ಮಾತಿಗೆ ಅವರು ಒಪ್ಪಲಿಲ್ಲ. "ಕಿತ್ತು ಕೊಟ್ಟರೆ ನಿಮಗೆ ಇವತ್ತೇ ಆರಾಮ. ಆದರೆ ನಾಳೆ ಯಾರೋ ಸುಟ್ಟುಹೋಗಿದೆ ಅಂತ ಹಿಡಕಂಡು ಬಂದಾಗ ಮುಚ್ಚಳ ತೆಗೆಯೋದು ನಾನೇ. ಆಗ ಅವರ ಮುಖಕ್ಕೆ ನಾನು ಎಂತ ಹೇಳೋದು?" ಇದರಲ್ಲಿ ದೊಡ್ಡ ತತ್ತ್ವವೇನೂ ಇಲ್ಲ ಎನ್ನಿಸಬಹುದು, ಅಂಗಡಿಯ ಹೆಸರು ಉಳಿಸಿಕೊಳ್ಳುವ ವ್ಯವಹಾರ ಅನ್ನಿಸಬಹುದು. ನನಗೆ ಹಾಗೆ ಅನ್ನಿಸಲಿಲ್ಲ. ಕೊಳ್ಳುವವನ ಹಾಗೂ ಮಾರುವವನ ನಡುವಿನ ನೀತಿಯ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಮಾತಿದೆ. ರಿಪೇರಿಯವನು ಮೂರನೆಯವನು. ಒಂದೇ ವಸ್ತುವನ್ನು ಬೇರೆ ಬೇರೆ ಕಾಲಕ್ಕೆ ಬಳಸಿದ, ಒಬ್ಬರನ್ನೊಬ್ಬರು ಎಂದೂ ನೋಡದ ಜನರೆಲ್ಲರ ನಡುವೆ ಆ ವಸ್ತುವಿನ ಒಳಗನ್ನು ಕಂಡ ಸಾಕ್ಷಿ ಅವನೊಬ್ಬನೇ. ಮುಚ್ಚಳದ ಒಳಗೆ ನಡೆದ ಮೋಸ ಮೋಸವಾಗಿ ಉಳಿಯುವುದು ಮುಚ್ಚಳ ತೆಗೆಯುವವನಿಗೆ ಮಾತ್ರ.

ಇನ್ನೊಂದು ದಾರಿ ಇತ್ತು, ಓಮ್‌ನ ದಾರಿ. ಫ್ಯಾನಿನ ವೈರಿಗೆ ಸಾಲಾಗಿ ಒಂದು ರೆಸಿಸ್ಟರ್ ಹಾಕುವುದು. 12 ವೋಲ್ಟಿನ, 0.15 ಆಂಪಿಯರಿನ ಫ್ಯಾನಿಗೆ 47 ಓಮ್‌ನದ್ದೊಂದು ಹಾಕಿದರೆ ಅದಕ್ಕೆ ಸುಮಾರು ಏಳೂವರೆ ವೋಲ್ಟ್ ಸಿಗುತ್ತದೆ, ನಿಧಾನವಾಗುತ್ತದೆ. ಗಾಳಿ ವೇಗಕ್ಕೆ ಸರಿಯಾಗಿ ಇಳಿದರೆ ಸದ್ದು ಅದಕ್ಕಿಂತ ಬಹಳ ಹೆಚ್ಚು ಇಳಿಯುತ್ತದೆ. ವೇಗ ಅರ್ಧ ಮಾಡಿದರೆ ಗಾಳಿ ಅರ್ಧ, ಸದ್ದು ಸುಮಾರು 15 ಡೆಸಿಬೆಲ್ ಕಡಿಮೆ. 10 ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಅರ್ಧವಾದಂತೆ ಕೇಳುತ್ತದೆ ಎಂಬುದನ್ನು ನೆನೆದರೆ ಇದು ಒಳ್ಳೆಯ ವ್ಯಾಪಾರವೇ. ಆದರೆ ಸವೆದ ಬೇರಿಂಗಿನ ಗುರುಗುಟ್ಟುವಿಕೆ ಹೀಗೆ ಹೋಗುವುದಿಲ್ಲ, ನಿಧಾನವಾಗಿ ಗುರುಗುಟ್ಟುತ್ತದೆ ಅಷ್ಟೆ. ವೋಲ್ಟ್ ತೀರಾ ಇಳಿದರೆ ಒಂದು ದಿನ ಫ್ಯಾನು ಶುರುವಾಗುವುದೇ ಇಲ್ಲ, ಯಾರಿಗೂ ಗೊತ್ತಾಗುವುದೂ ಇಲ್ಲ. ಆಗ ಅದು ವೈರ್ ಕಿತ್ತದ್ದಕ್ಕೇ ಸಮ.

ಸದ್ದು ಎಂದರೆ ಏನು ಎಂಬ ಪ್ರಶ್ನೆಗೆ ಈಗ ಬರುತ್ತೇನೆ, ಯಾಕೆಂದರೆ ನನ್ನನ್ನು ಹೆಚ್ಚು ಕಾಡಿದ್ದು ಅದು. ಆ ಶ್ಯಾಕಿನ ಎದುರಿಗೇ ಸಮುದ್ರ ಇದೆ. ಅದು ಫ್ಯಾನಿಗಿಂತ ಎಷ್ಟೋ ಪಾಲು ಜೋರು, ರಾತ್ರಿ ಹಗಲು ನಿಲ್ಲುವುದಿಲ್ಲ. ಸಮುದ್ರ ಹಾಡಿಗೆ ಅಡ್ಡಿ ಎಂದು ಒಬ್ಬ ಗಿರಾಕಿಯೂ ದೂರಲಿಲ್ಲ, ಅದನ್ನು ಕೇಳಲೆಂದೇ ದುಡ್ಡು ಕೊಟ್ಟು ಬಂದಿರುತ್ತಾರೆ. ಹಾಗಾದರೆ ಸದ್ದಿನ ಪ್ರಮಾಣ ಇಲ್ಲಿ ಮುಖ್ಯವಲ್ಲ. ಮನುಷ್ಯ ಮಾಡಿದ್ದು, ಪ್ರಕೃತಿ ಮಾಡಿದ್ದು ಎಂಬ ಭೇದವೇ? ಅದೂ ಪೂರ್ತಿ ಸರಿಯಲ್ಲ. ಯಕ್ಷಗಾನದ ರಂಗಸ್ಥಳದಲ್ಲಿ ಗ್ಯಾಸ್‌ಲೈಟುಗಳು ಸುಯ್ಯೆನ್ನುತ್ತಿದ್ದ ಕಾಲವೊಂದಿತ್ತು. ಆ ಕಾಲದ ಪ್ರೇಕ್ಷಕರಾಗಿದ್ದ ಹಿರಿಯರನ್ನು ನನ್ನ ಸಂಶೋಧನೆಯ ಕೆಲಸಕ್ಕೆಂದು ಮಾತಾಡಿಸುವಾಗ ಭಾಗವತರ ಕಂಠ, ಚೆಂಡೆಯ ಪೆಟ್ಟು ಎಲ್ಲ ನೆನಪಾಗುತ್ತದೆ. ಗ್ಯಾಸ್‌ಲೈಟಿನ ಸದ್ದನ್ನು ನಾನು ಕೇಳಿದ ಮೇಲೆಯೇ ಅವರು "ಹೌದಲ್ಲ, ಇತ್ತು" ಎನ್ನುತ್ತಾರೆ. ಬೆಳಕು ಕೊಡುವವನ ಸದ್ದನ್ನು ಅವರ ಕಿವಿ ಬೆಳಕಿನ ಲೆಕ್ಕಕ್ಕೇ ಬರೆದುಕೊಂಡುಬಿಟ್ಟಿತ್ತು.

ತಂಬೂರಿಯ ಉದಾಹರಣೆ ಇನ್ನೂ ಒಳ್ಳೆಯದು. ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ನೂಲಿನ ಎಳೆ ಇಟ್ಟು, ಕೂದಲೆಳೆಯಷ್ಟು ಆಚೀಚೆ ಸರಿಸಿ, ತಂತಿ ಝೇಂಕರಿಸುವಂತೆ ಮಾಡುತ್ತಾರೆ. ಬರಿಯ ಭೌತಶಾಸ್ತ್ರದ ಕಣ್ಣಿಗೆ ಅದು ತಂತಿ ಮರಕ್ಕೆ ತಾಗಿ ಹುಟ್ಟುವ ಗುಂಯ್‌ಗುಡುವಿಕೆ, ಗಿಟಾರಿನಲ್ಲಿ ಹಾಗಾದರೆ ರಿಪೇರಿಗೆ ಕೊಡುತ್ತಾರೆ. ನಮ್ಮವರು ಆ ನೂಲಿಗೆ ಕೊಟ್ಟ ಹೆಸರು ಜೀವಾಳಿ. ಅದು ಇಲ್ಲದಿದ್ದರೆ ತಂಬೂರಿಗೆ ಜೀವ ಇಲ್ಲ.

ಫ್ಯಾನಿನ ಸದ್ದು ಯಾಕೆ ಹೀಗಾಗಲಿಲ್ಲ? ಒಂದು ಲೆಕ್ಕ ಮಾಡಿ ನೋಡಿದೆ. ಏಳು ರೆಕ್ಕೆಯ ಫ್ಯಾನು ನಿಮಿಷಕ್ಕೆ 2500 ಸುತ್ತು ಸುತ್ತಿದರೆ ಸೆಕೆಂಡಿಗೆ ಸುಮಾರು 292 ಸಲ ಒಂದೊಂದು ರೆಕ್ಕೆ ಗಾಳಿಯನ್ನು ಕಡಿಯುತ್ತದೆ. ಗಿಟಾರಿನ ಡಿ ತಂತಿಯ ಮೇಲಿನ ಸ್ಥಾಯಿಯ ಡಿ ಸ್ವರದ ಕಂಪನ 293.7. ಅಂದರೆ ಅಂಥ ಫ್ಯಾನು ಸುಮ್ಮನೆ ಗದ್ದಲ ಮಾಡುವುದಿಲ್ಲ, ಹಾಡುತ್ತದೆ, ಶ್ರುತಿಗಿಂತ ಒಂದು ಎಳೆ ಇಳಿದು ಹಾಡುತ್ತದೆ. ಸಮುದ್ರದ ಸದ್ದಿನಲ್ಲಿ ಎಲ್ಲ ಸ್ವರಗಳೂ ಕಲಸಿರುವುದರಿಂದ ಅದು ಯಾವ ಸ್ವರಕ್ಕೂ ಎದುರಾಳಿಯಲ್ಲ. ಫ್ಯಾನಿಗೆ ತನ್ನದೇ ಸ್ವರ ಇದೆ. ನಮಗೆ ಸಿಟ್ಟು ಬರುವುದು ಸದ್ದಿಗಲ್ಲ, ಕರೆಯದೆ ಬಂದ ಸ್ವರಕ್ಕೆ ಎಂದು ನನಗೆ ತೋರುತ್ತದೆ.

ಅಮೆರಿಕದ ಸಂಯೋಜಕ ಜಾನ್ ಕೇಜ್‌ನ ಹೆಸರು ಇಂಥ ಕಡೆ ಬಂದೇ ಬರುತ್ತದೆ. 1952ರ ಆಗಸ್ಟ್ 29ರಂದು ವುಡ್‌ಸ್ಟಾಕಿನಲ್ಲಿ ಡೇವಿಡ್ ಟ್ಯೂಡರ್ ಪಿಯಾನೋ ಮುಂದೆ ಕೂತು 4 ನಿಮಿಷ 33 ಸೆಕೆಂಡು ಒಂದು ಸ್ವರವನ್ನೂ ನುಡಿಸಲಿಲ್ಲ. ಆ ಹೊತ್ತಿನಲ್ಲಿ ಕೇಳಿಸಿದ್ದೆಲ್ಲ ಸಂಗೀತ ಎಂಬುದು ಕೇಜ್‌ನ ನಿಲುವು. ಅದಕ್ಕೆ ಮೊದಲು ಹಾರ್ವರ್ಡಿನ ಸದ್ದಿಲ್ಲದ ಕೋಣೆಯೊಂದಕ್ಕೆ ಹೋಗಿದ್ದ ಅವನಿಗೆ ಅಲ್ಲಿಯೂ ಎರಡು ಸದ್ದು ಕೇಳಿಸಿದ್ದವು. ಒಂದು ನರಮಂಡಲದ್ದು, ಇನ್ನೊಂದು ರಕ್ತ ಹರಿಯುವುದರದ್ದು ಎಂದು ಅವನಿಗೆ ಹೇಳಲಾಯಿತು. ಕೇಜ್‌ನನ್ನು ಕೇಳಿದ್ದರೆ ಫ್ಯಾನನ್ನು ಬಿಡಿ, ಅದನ್ನೇ ಕೇಳಿ ಎನ್ನುತ್ತಿದ್ದನೋ ಏನೋ. ನನಗೆ ಈ ಉದಾರತೆ ಅಷ್ಟು ಒಪ್ಪಿಗೆಯಿಲ್ಲ. ಎಲ್ಲ ಸದ್ದನ್ನೂ ಸಂಗೀತ ಎಂದುಬಿಟ್ಟರೆ ಆ ಸದ್ದು ಯಾಕೆ ಹುಟ್ಟಿತು ಎಂದು ಕೇಳುವ ಜವಾಬ್ದಾರಿ ತಪ್ಪಿಹೋಗುತ್ತದೆ. ಗುರ್ರೆನ್ನುವ ಬೇರಿಂಗ್ ನನಗೆ ಎಣ್ಣೆ ಇಲ್ಲ ಎಂದು ಹೇಳುತ್ತಿದೆ. ಅದನ್ನು ಕಣ್ಣು ಮುಚ್ಚಿ ಆಸ್ವಾದಿಸುವುದು ವೈರ್ ಕೀಳುವುದಕ್ಕಿಂತ ಬಹಳ ಬೇರೆಯೇನಲ್ಲ.

ತತ್ತ್ವಶಾಸ್ತ್ರದ ವಿದ್ಯಾರ್ಥಿಗಳಿಗೆ ಇಲ್ಲಿ ಹೈಡೆಗರ್ ನೆನಪಾಗುತ್ತಾನೆ. 1927ರ ತನ್ನ ಗ್ರಂಥದಲ್ಲಿ ಅವನು ಹೇಳಿದ್ದು ಹೆಚ್ಚುಕಡಿಮೆ ಹೀಗೆ: ಸುತ್ತಿಗೆ ಸರಿಯಾಗಿ ಕೆಲಸ ಮಾಡುವಷ್ಟು ಹೊತ್ತು ಅದು ನಮ್ಮ ಗಮನಕ್ಕೇ ಬರುವುದಿಲ್ಲ, ಮುರಿದಾಗ ವಸ್ತುವಾಗಿ ಕಣ್ಣೆದುರು ನಿಲ್ಲುತ್ತದೆ. ಒಳ್ಳೆಯ ಮಾತೇ. ಆದರೆ ನಮ್ಮ ಫ್ಯಾನು ಮುರಿದಿರಲಿಲ್ಲ. ಅದು ತನ್ನ ಕೆಲಸವನ್ನು ಮಾಡುತ್ತಲೇ ಇತ್ತು, ಗಾಳಿ ಬರುತ್ತಿತ್ತು, ಟ್ರಾನ್ಸಿಸ್ಟರುಗಳು ತಂಪಾಗಿದ್ದವು. ಅದು ಕಣ್ಣಿಗೆ ಬಿದ್ದದ್ದು ಕೆಲಸ ಬಿಟ್ಟದ್ದಕ್ಕಲ್ಲ, ಕೆಲಸ ಮಾಡುತ್ತಿರುವುದು ಕೇಳಿಸಿದ್ದಕ್ಕೆ. ಸುತ್ತಿಗೆಗೆ ಇಲ್ಲದ ಈ ಮೂರನೆಯ ಸ್ಥಿತಿ ನಮ್ಮ ಸಮಾಜದಲ್ಲಿ ಬಹಳ ಪರಿಚಿತವಾದದ್ದು.

ಬ್ರಿಟಿಷರ ಕಾಲದ ಬಂಗಲೆಗಳಲ್ಲಿ ಚಾವಣಿಗೆ ಬಟ್ಟೆಯ ದೊಡ್ಡ ಪಂಖಾ ಕಟ್ಟಿ, ಅದರ ಹಗ್ಗವನ್ನು ಗೋಡೆಯ ತೂತಿನಿಂದ ಹೊರಕ್ಕೆ ಬಿಡುತ್ತಿದ್ದರು. ಹೊರಗೆ ಜಗಲಿಯಲ್ಲಿ ಒಬ್ಬ ಮನುಷ್ಯ ಕೂತು ಅದನ್ನು ಎಳೆಯುತ್ತಿದ್ದ. ಒಳಗೆ ಗಾಳಿ ಮಾತ್ರ ಬರುತ್ತಿತ್ತು. ಅವನ ಕೆಮ್ಮು, ಆಕಳಿಕೆ, ಬೆವರಿನ ವಾಸನೆ ಗೋಡೆಯಾಚೆ. ಆ ತೂತು ನನಗೆ ವಿಚಿತ್ರವಾಗಿ ಕಾಣುತ್ತದೆ: ಹಗ್ಗಕ್ಕೆ ಬೇಕಾದಷ್ಟೇ ಅಗಲ, ಮನುಷ್ಯ ಕಾಣಿಸಬಾರದಷ್ಟು ಸಣ್ಣದು. ಇವತ್ತಿನ ಹೋಟೆಲುಗಳಲ್ಲಿ ತಟ್ಟೆ ತೊಳೆಯುವವರ ಕೋಣೆಯ ಬಾಗಿಲು, ಮದುವೆ ಹಾಲಿನಲ್ಲಿ ಎಲೆ ತೆಗೆಯುವವರು ಬರುವ ಹಿಂಬದಿಯ ದಾರಿ, ಆ ಶ್ಯಾಕಿನಲ್ಲೇ ಅಡುಗೆಮನೆಯ ಹುಡುಗರಿಗೆ ಮಾತು ಕಡಿಮೆ ಮಾಡಿ ಎಂದು ಹೋಗುವ ಸನ್ನೆ, ಇವೆಲ್ಲ ಆ ತೂತಿನ ವಂಶದವೇ.

ಫ್ಯಾನು ಮನುಷ್ಯನಲ್ಲ, ಹೋಲಿಕೆ ಅತಿಯಾಯಿತು ಎಂಬ ಆಕ್ಷೇಪಕ್ಕೆ ಬಲ ಇದೆ. ಯಂತ್ರಕ್ಕೆ ಕರುಣೆ ತೋರಿಸಿ ಮನುಷ್ಯನನ್ನು ಮರೆಯುವ ಭಾವುಕತೆ ನಮ್ಮಲ್ಲಿ ಕಡಿಮೆಯೇನಿಲ್ಲ. ಫ್ಯಾನಿಗೆ ನೋವಿಲ್ಲ, ಅದನ್ನು ಕಿತ್ತರೆ ಅದಕ್ಕೇನೂ ಆಗುವುದಿಲ್ಲ. ನನ್ನ ವಾದ ಅದರ ಮೇಲೆ ನಿಂತಿಲ್ಲ. ನಿಶ್ಶಬ್ದವನ್ನು ಬೇಡುವುದು ನಮಗೆ ಎಷ್ಟು ಅಭ್ಯಾಸವಾಗಿದೆ ಎಂದರೆ ಆ ನಿಶ್ಶಬ್ದದ ಖರ್ಚು ಎಲ್ಲಿ ಬೀಳುತ್ತದೆ ಎಂದು ನೋಡುವುದನ್ನೇ ಬಿಟ್ಟಿದ್ದೇವೆ. ಅದನ್ನು ಮನುಷ್ಯರ ನಡುವೆ ನೋಡುವುದು ಕಷ್ಟ, ನಾಚಿಕೆ ಅಡ್ಡ ಬರುತ್ತದೆ. ಯಂತ್ರದಲ್ಲಿ ಆ ನಾಚಿಕೆ ಇಲ್ಲದ್ದರಿಂದ ಲೆಕ್ಕ ಸ್ಪಷ್ಟವಾಗಿ ಕಾಣುತ್ತದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಹಾಡುವವನಿಗೆ ನಿಶ್ಶಬ್ದ ಶೋಕಿಯಲ್ಲ, ಅವನ ಕೆಲಸದ ಸಾಮಗ್ರಿ. ಅಕ್ಕಸಾಲಿಗನಿಗೆ ಬೆಳಕು ಹೇಗೋ ಹಾಗೆ. ಮಾಂಡೂಕ್ಯ ಉಪನಿಷತ್ತು ಅ, ಉ, ಮ ಎಂಬ ಮೂರು ಮಾತ್ರೆಗಳನ್ನು ಹೇಳಿ, ನಾಲ್ಕನೆಯದಾಗಿ ಮಾತ್ರೆಯೇ ಇಲ್ಲದ್ದೊಂದನ್ನು ಹೇಳುತ್ತದೆ. ನಾದ ಮುಗಿದ ಮೇಲಿನ ಆ ಜಾಗವನ್ನೂ ಓಂಕಾರದ ಭಾಗವಾಗಿಯೇ ಎಣಿಸುತ್ತದೆ. ಆಧ್ಯಾತ್ಮ ನನಗೆ ತಿಳಿಯದು, ಆದರೆ ಸಂಗೀತದ ಮಾತಾಗಿ ಇದು ನಿಜ. ನನ್ನ ಗೆಳೆಯ ತಂತಿ ಮೀಟಿ ಕಾಯುವುದು ಈ ನಾಲ್ಕನೆಯದಕ್ಕೇ. ಅದನ್ನು ಕೇಳಿಸಿಕೊಳ್ಳುವ ಹಕ್ಕು ಕೇಳುಗನಿಗೂ ಇದೆ. ಕಾನೂನು ಕೂಡ ಇಂಥದ್ದೊಂದನ್ನು ಒಪ್ಪಿಕೊಂಡಿದೆ: 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್, ರಾತ್ರಿ ಹತ್ತರ ಮೇಲೆ ಬಯಲಲ್ಲಿ ಧ್ವನಿವರ್ಧಕ ಇಲ್ಲ. ನಮ್ಮ ಕಡೆಯ ಇಡೀ ರಾತ್ರಿಯ ಆಟ ಕಾಲಮಿತಿಯ ಆಟವಾದದ್ದಕ್ಕೆ ಇರುವ ಕಾರಣಗಳಲ್ಲಿ ಈ ನಿಯಮವೂ ಒಂದು. ಅಲ್ಲಿ ಯಾರ ನಿದ್ದೆಗೆ ಯಾರ ಕಲೆ ತೆತ್ತಿತು ಎಂಬುದು ಇನ್ನೊಂದು ದೊಡ್ಡ ಜಗಳ, ಇಲ್ಲಿ ಬೇಡ.

ಹಾಗಾಗಿ ಸದ್ದು ಮಾಡಬಾರದು ಎಂಬ ಷರತ್ತೇ ಅನ್ಯಾಯ ಎಂದು ನಾನು ಹೇಳಲಾರೆ. ಸದ್ದಿಲ್ಲದೆ ದುಡಿ ಎಂದು ಕೇಳುವವನು ಸದ್ದಿಲ್ಲದೆ ದುಡಿಯಲು ಏನು ಬೇಕೋ ಅದನ್ನು ಕೊಟ್ಟಿದ್ದಾನೆಯೇ ಎಂದು ಮಾತ್ರ ಕೇಳುತ್ತೇನೆ. ಆಂಪಿನ ಮಟ್ಟಿಗೆ ಇದು ಬಹಳ ನಿರ್ದಿಷ್ಟವಾದ ಪಟ್ಟಿ. ಅಗ್ಗದ ಸ್ಲೀವ್ ಬೇರಿಂಗ್ ಬದಲು ಒಳ್ಳೆಯ ಬೇರಿಂಗ್. ಜಾಗ ಇದ್ದರೆ 80 ಮಿಲಿಮೀಟರಿನ ಬದಲು 120ರದು. ಅದರ ವಿಸ್ತಾರ ಎರಡೂಕಾಲು ಪಟ್ಟು, ಅಷ್ಟೇ ಗಾಳಿಯನ್ನು ನಿಧಾನ ತಿರುಗಿ ಕೊಡಬಲ್ಲದು. ಒಳಗೆ ಬರುವ ಗಾಳಿಗೆ ಅಡ್ಡ ಇಲ್ಲದ ದಾರಿ, ಗೋಡೆಯಿಂದ ಒಂದು ಗೇಣು ದೂರ. ತಿಂಗಳಿಗೊಮ್ಮೆ ಬ್ರಷ್ ಹಿಡಿದು ಉಪ್ಪು ಧೂಳು ತೆಗೆಯುವ ಒಂದು ಕೈ. ಇಷ್ಟೆಲ್ಲ ಕೊಟ್ಟ ಮೇಲೂ ಒಂದಿಷ್ಟು ಸುಯ್ಗುಟ್ಟುವಿಕೆ ಉಳಿಯುತ್ತದೆ. ಅದನ್ನು ಕೇಳುವವನು ಒಪ್ಪಿಕೊಳ್ಳಬೇಕು. ಉಸಿರಾಡುವ ಸದ್ದನ್ನೂ ಸಹಿಸದವನು ಗಾಳಿಯನ್ನು ಬಯಸುವ ಹಾಗಿಲ್ಲ.

ಅಂಗಡಿಯವರು ಹಾಕಿದ್ದು 80 ಮಿಲಿಮೀಟರಿನದೇ, 120ಕ್ಕೆ ಆ ಪೆಟ್ಟಿಗೆಯಲ್ಲಿ ಜಾಗ ಇರಲಿಲ್ಲ. ಬಾಲ್ ಬೇರಿಂಗಿನದು, ಹಳೆಯದಕ್ಕಿಂತ ನಿಧಾನ ತಿರುಗುವುದು. ಪ್ಲಗ್ ಕಿತ್ತು, ಕೆಪಾಸಿಟರುಗಳು ಖಾಲಿಯಾಗುವ ತನಕ ಕಾದು, ಹಳೆಯದನ್ನು ಬಿಚ್ಚಿದರು. ಫ್ಯಾನಿನ ಪಕ್ಕದಲ್ಲಿ ಎರಡು ಸಣ್ಣ ಬಾಣಗಳಿರುತ್ತವೆ, ಒಂದು ರೆಕ್ಕೆ ತಿರುಗುವ ದಿಕ್ಕಿಗೆ, ಇನ್ನೊಂದು ಗಾಳಿ ಹೋಗುವ ದಿಕ್ಕಿಗೆ. ಅವನ್ನು ನೋಡಿ ಕೂರಿಸಿದರು. ಸ್ಕ್ರೂಗಳ ಕೆಳಗೆ ಹಳೆಯ ಸೈಕಲ್ ಟ್ಯೂಬಿನ ರಬ್ಬರು ಕತ್ತರಿಸಿ ಇಟ್ಟರು, ನಡುಕ ಮರದ ಪೆಟ್ಟಿಗೆಗೆ ಹತ್ತಬಾರದೆಂದು. ಅರ್ಧ ತಾಸು ನುಡಿಸಿ, ಹೀಟ್ ಸಿಂಕ್ ಮುಟ್ಟಿ ನೋಡಿದರು. ಮುಚ್ಚಳದ ಒಳಬದಿಗೆ ಮಾರ್ಕರ್ ಪೆನ್ನಿನಲ್ಲಿ ತಾರೀಖು ಬರೆದು, ಫ್ಯಾನಿನ ವೋಲ್ಟ್, ಆಂಪಿಯರ್ ಬರೆದರು. ಹಣವನ್ನು ಅರ್ಧ ಮಾಲೀಕರೂ ಅರ್ಧ ಗೆಳೆಯನೂ ಕೊಟ್ಟರು. ಆಂಪ್ ಯಾರದ್ದೋ ಆಗಿರುವಾಗ ನೀನೇಕೆ ಕೊಡಬೇಕು ಎಂದು ನಾನು ಕೇಳಿದ್ದಕ್ಕೆ ಅವನು ಸರಿಯಾಗಿ ಉತ್ತರ ಕೊಡಲಿಲ್ಲ.

ಹಳೆಯ ಫ್ಯಾನನ್ನು ಅಂಗಡಿಯವರು ಎಸೆಯಲಿಲ್ಲ. ಸ್ಟಿಕರ್ ಎಬ್ಬಿಸಿ ಒಂದು ಹನಿ ಮಿಶಿನ್ ಎಣ್ಣೆ ಬಿಟ್ಟು, ಹಳೆಯ ಚಾರ್ಜರಿಗೆ ಜೋಡಿಸಿ ತಮ್ಮ ಮೇಜಿನ ಮೇಲಿಟ್ಟುಕೊಂಡಿದ್ದಾರೆ, ಸೋಲ್ಡರಿನ ಹೊಗೆ ಮೂಗಿಗೆ ಬಾರದ ಹಾಗೆ. ಅದು ಅಲ್ಲಿ ಈಗಲೂ ಗುರ್ರೆನ್ನುತ್ತದೆ, ಸ್ವಲ್ಪ ಕಡಿಮೆ. ನಿಮಗೆ ಕಿರಿಕಿರಿ ಆಗುವುದಿಲ್ಲವೇ ಎಂದು ಕೇಳಿದೆ. ಯಾವುದು ಎಂದು ಕೇಳಿದರು.